ಭತ್ತದ ತೇವಕ್ಕೂ ಗೋಪುರದ ಅನಿಲಕ್ಕೂ ಒಂದೇ ಲೆಕ್ಕ



ಇಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲೇ ಒಪ್ಪಿತು. ಆದರೂ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹುಡುಗ ಕೆಮಿಕಲ್ ಓದಲು ಹೋದರೆ 'ಮೋಲ್ ಅನುಪಾತ' ಎಂದೊಡನೆ ಬೆವರುತ್ತಾನೆ. ಏಕೆ ಬೆವರಬೇಕು? ಆ ಲೆಕ್ಕ ಅವನ ಮನೆಯ ಕಣದಲ್ಲೇ ಇದೆ.

ಗಂಗಾವತಿಯ ಭತ್ತವನ್ನೇ ನೋಡಿ. ನೂರು ಕಿಲೋ ಭತ್ತ, ತೇವ ಶೇ. 20. ಸರ್ಕಾರಿ ಖರೀದಿಯ ಮಿತಿ ಶೇ. 17. ಒಣಗಿಸಿದರೆ ಎಷ್ಟು ಕಿಲೋ ಇಳಿದೀತು? ಮೂರು ಅಂತೀರಿ. ಅಲ್ಲ! ನೀರು ಆರಿದಂತೆ ಒಟ್ಟು ತೂಕವೂ ಇಳಿಯುತ್ತದೆ. ಬದಲಾಗದೆ ಉಳಿಯುವುದು 80 ಕಿಲೋ ಒಣ ಕಾಳು ಮಾತ್ರ. ಅದು ಶೇ. 83 ಆಗಬೇಕಾದರೆ ಒಟ್ಟು ತೂಕ 96.4 ಕಿಲೋ. ಇಳಿದದ್ದು 3.6. ತಕ್ಕಡಿಯವನ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇಷ್ಟು ಲೆಕ್ಕ ಹಾಕಿ.

ಈಗ ಹೀರಿಕೆಯ ಗೋಪುರಕ್ಕೆ ಬನ್ನಿ. ಕೆಳಗಿನಿಂದ ಅನಿಲ ಏರುತ್ತದೆ, ಮೇಲಿನಿಂದ ನೀರು ಇಳಿಯುತ್ತದೆ. ಮೋಲ್ ಎಂದರೆ ಡಜನ್ ಇದ್ದ ಹಾಗೆ, ಕಣಗಳ ಒಂದು ಎಣಿಕೆ. ಬಂದ 100 ಮೋಲಿನಲ್ಲಿ ಅಮೋನಿಯ 20, ಗಾಳಿ 80. ಗಾಳಿ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದೇ ನಮ್ಮ ಒಣ ಕಾಳು! ಅಮೋನಿಯವನ್ನು ಅದರಿಂದ ಭಾಗಿಸಿ: 20ಕ್ಕೆ 80, ಅಂದರೆ 0.25. ಇದೇ ಮೋಲ್ ಅನುಪಾತ.

ಅಮೋನಿಯದಲ್ಲಿ ಶೇ. 90 ನೀರಿಗಿಳಿಯಿತು ಎನ್ನಿ. 18 ಹೋಯಿತು, 2 ಉಳಿಯಿತು. ಅನುಪಾತ 0.025, ಸರಿಯಾಗಿ ಹತ್ತನೇ ಒಂದು. ಒಟ್ಟು ಅನಿಲದಿಂದ ಭಾಗಿಸಿದವನಿಗೆ ಮೊದಲು 0.20, ಆಮೇಲೆ 2ಕ್ಕೆ 82, ಅಂದರೆ 0.0244. ಹತ್ತನೇ ಒಂದು ಬರಲಿಲ್ಲವಲ್ಲ ಎಂದು ಪರೀಕ್ಷೆಯಲ್ಲಿ ತಲೆ ಕೆರೆದುಕೊಳ್ಳುತ್ತಾನೆ. ಶುದ್ಧ ನೀರು 180 ಮೋಲ್ ಇಳಿದಿದ್ದರೆ ಅದರ ಅನುಪಾತ 18ಕ್ಕೆ 180, ಅಂದರೆ 0.10. ತಾಳೆ ನೋಡಿ: 80ನ್ನು 0.225ರಿಂದ ಗುಣಿಸಿದರೂ 18, 180ನ್ನು 0.10ರಿಂದ ಗುಣಿಸಿದರೂ 18.

ಇದು ಪರೀಕ್ಷೆಗಷ್ಟೇ ಅಲ್ಲ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಚಿಮಣಿಯ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ತೀರ ತೆಳು. ಅಲ್ಲಿ ಎರಡು ಲೆಕ್ಕಕ್ಕೂ ಕೂದಲೆಳೆಯ ಅಂತರ, ನಿಜ. ಆದರೆ ಕೊಳವೆಗೆ ಹೊರಗಿನ ಗಾಳಿ ಸೇರಿದರೆ ಒಂದು ಮೋಲೂ ನೀರಿಗಿಳಿಯದೆ ಶೇಕಡಾವಾರು ತಾನಾಗಿ ಇಳಿಯುತ್ತದೆ. ಅನುಪಾತವೂ ಇಳಿಯುತ್ತದೆ. ಅದನ್ನು ಗಾಳಿಯ ಒಟ್ಟು ಮೋಲಿನಿಂದ ಗುಣಿಸಿದಾಗಲೇ ಊರ ಮೇಲೆ ಬಿದ್ದ ಅನಿಲ ಎಷ್ಟೆಂದು ತಿಳಿಯುವುದು. ಯಾವ ಕಾರ್ಖಾನೆಯವರೇ ಆಗಲಿ, ಶೇಕಡಾ ಹಿಡಿದು ಬಂದರೆ ಕೇಳಿರಿ, ಕನ್ನಡದಲ್ಲೇ ಕೇಳಿರಿ: ಗಾಳಿ ಎಷ್ಟು ಮೋಲ್ ಸ್ವಾಮಿ?