ಹಸೆ ಚಿತ್ತಾರದ ಕಟ್ಟುಪಾಡು

ಪ್ರೋಗ್ರಾಮಿಂಗ್ ಭಾಷೆ, ಅಂದರೆ ಕಂಪ್ಯೂಟರಿಗೆ ಕೆಲಸವನ್ನು ಹಂತಹಂತವಾಗಿ ತಿಳಿಸುವ ಬರಹ, ಎಷ್ಟನ್ನು ಹೇಳಗೊಡುತ್ತದೆಯೋ ಅದೇ ಅದರ ಅಭಿವ್ಯಕ್ತಿ ಶಕ್ತಿ. ಆದರೂ 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರು, ಬರಹದ ಎಲ್ಲಿಂದೆಲ್ಲಿಗೋ ಜಿಗಿಯಬಿಡುವ 'ಗೋ ಟು' ಆದೇಶದಿಂದ ಪ್ರೋಗ್ರಾಮಿನ ನಡೆಯನ್ನು ಹಿಂಬಾಲಿಸುವುದೇ ಕಷ್ಟವಾಗುವುದೆಂದು, ಅದನ್ನು ಕೈಬಿಡಬೇಕೆಂದು ವಾದಿಸಿದರು. ಜಾವಾ ಭಾಷೆ ಆ ಪದವನ್ನು ಕಾದಿರಿಸಿಯೂ ಬಳಕೆಗೆ ಬಿಡಲಿಲ್ಲ.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿಯೂ ಮಿತಿಯನ್ನು ಒಪ್ಪಿಕೊಳ್ಳುವ ಇಂಥದೇ ವಿವೇಕವಿದೆ: ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ, ಬಹುಪಾಲು ನೇರ ಗೆರೆಗಳು, ಇಷ್ಟರಲ್ಲೇ ಮದುವೆಯ ಸಂಭ್ರಮವೆಲ್ಲ ಮೂಡುತ್ತದೆ; ಈ ಮಿತಿಯನ್ನು ಬಡತನವೆನ್ನುವುದು ಅನ್ಯಾಯ. ಆದರೆ ಎರಡಕ್ಕೂ ಒಂದು ವ್ಯತ್ಯಾಸವುಂಟು: ಗೋಡೆಯ ಮೇಲೆ ತಪ್ಪಿದ ಗೆರೆ ಅಲ್ಲೇ ಕಾಣುತ್ತದೆ, ಪ್ರೋಗ್ರಾಮಿನ ತಪ್ಪಾದರೋ ವರ್ಷಗಟ್ಟಲೆ ಅಡಗಿರಬಲ್ಲದಾದ್ದರಿಂದ, ರಸ್ಟ್‌ನಂಥ ಭಾಷೆಗಳು ಮೆಮೊರಿಯನ್ನು ಅಪಾಯಕರವಾಗಿ ಬಳಸುವ ಬರಹವನ್ನು, ಬರೆದವರು ತಾವಾಗಿ ವಿನಾಯಿತಿ ಕೇಳದಿದ್ದರೆ, ಚಾಲನೆಗೆ ಮೊದಲೇ ತಿರಸ್ಕರಿಸುತ್ತವೆ.