ಬಟ್ಟೆಯೊಳಗಿನ ಉಬ್ಬು ಕುಣಿದಾಗ: ಒಂದು ಫ್ಯಾಷನ್ ಶೋ, ಒಂದು ನೃತ್ಯದ ಕಥೆ

ಇವತ್ತು ಒಂದು ಫ್ಯಾಷನ್ ಶೋ ಮತ್ತು ಅದರಿಂದ ಹುಟ್ಟಿದ ನೃತ್ಯದ ಕಥೆ ಹೇಳ್ತೀನಿ.

ಅದಕ್ಕೆ ಮೊದಲು ನನ್ನದೊಂದು ಸಣ್ಣ ವಿಷಯ. ನನ್ನ ಎಡ ಹೆಗಲು ಬಲ ಹೆಗಲಿಗಿಂತ ಸ್ವಲ್ಪ ಕೆಳಗಿದೆ. ಇದು ನನಗೆ ಗೊತ್ತಾಗಿದ್ದೇ ಟೈಲರ್ ಅಂಗಡಿಯಲ್ಲಿ, ಅಳತೆ ಕೊಡುವಾಗ. "ಒಳಗೊಂದು ಪ್ಯಾಡ್ ಕೊಟ್ಟುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದ್ರು ಟೈಲರ್. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ಅವತ್ತಿಂದ ಕನ್ನಡಿ ಮುಂದೆ ನಿಂತಾಗಲೆಲ್ಲ ಕಣ್ಣು ಮೊದಲು ಹೋಗೋದು ಆ ಹೆಗಲಿಗೇ.

ಈಗ ಪ್ಯಾರಿಸ್‌ಗೆ ಹೋಗೋಣ. 1996ರ ಅಕ್ಟೋಬರ್. ಜಪಾನಿನ ಡಿಸೈನರ್ ರೇ ಕವಾಕುಬೊ ತಮ್ಮ ಹೊಸ ಉಡುಪುಗಳನ್ನು ತೋರಿಸ್ತಿದ್ದಾರೆ. ಕವಾಕುಬೊ ಫ್ಯಾಷನ್ ಕಾಲೇಜಿನಲ್ಲಿ ಕಲಿತವರಲ್ಲ. 1969ರಲ್ಲಿ ಟೋಕಿಯೋದಲ್ಲಿ 'ಕಾಮ್ ದೆ ಗಾರ್ಸಾನ್' ಅನ್ನೋ ಬ್ರ್ಯಾಂಡ್ ಶುರು ಮಾಡಿದರು, 1981ರಲ್ಲಿ ಪ್ಯಾರಿಸ್‌ಗೆ ಬಂದರು. ಈ ಸಲದ ಸಂಗ್ರಹಕ್ಕೆ ಅವರು ಇಟ್ಟ ಹೆಸರು 'ಬಾಡಿ ಮೀಟ್ಸ್ ಡ್ರೆಸ್, ಡ್ರೆಸ್ ಮೀಟ್ಸ್ ಬಾಡಿ'. ಅಂದ್ರೆ ದೇಹಕ್ಕೆ ಬಟ್ಟೆ ಸಿಗುತ್ತೆ, ಬಟ್ಟೆಗೆ ದೇಹ ಸಿಗುತ್ತೆ.

ಬಟ್ಟೆ ನೋಡಿದರೆ ಸಾದಾ ಚೌಕುಳಿಯದ್ದು, ಮೈಗೆ ಅಂಟಿಕೊಂಡು ಹಿಗ್ಗುವಂಥದ್ದು. ಆದರೆ ಒಳಗೆ ದಿಂಬಿನಂಥ ಪ್ಯಾಡ್‌ಗಳು. ಒಬ್ಬಳಿಗೆ ಬೆನ್ನ ಮೇಲೆ, ಇನ್ನೊಬ್ಬಳಿಗೆ ಒಂದೇ ಸೊಂಟದ ಕಡೆ, ಮತ್ತೊಬ್ಬಳಿಗೆ ಕುತ್ತಿಗೆ ಪಕ್ಕ. ಎಡಕ್ಕೂ ಬಲಕ್ಕೂ ತಾಳೆಯೇ ಇಲ್ಲ. ನೋಡಿದವರಲ್ಲಿ ಕೆಲವರು ಗೂನುಬೆನ್ನು ಅಂದರು, ಕೆಲವರು ಗೆಡ್ಡೆ ಅಂದರು. ಕೊನೆಗೆ 'ಲಂಪ್ಸ್ ಅಂಡ್ ಬಂಪ್ಸ್' ಅನ್ನೋ ಅಡ್ಡಹೆಸರೇ ಉಳಿದುಬಿಟ್ಟಿತು. ಪ್ಯಾಡ್ ತೆಗೆದು ಫೋಟೋ ಹಾಕಿದ ಪತ್ರಿಕೆಗಳೂ ಇದ್ದವು!

ಒಂದು ನಿಮಿಷ ಯೋಚನೆ ಮಾಡಿ. ಬಟ್ಟೆಯೊಳಗೆ ಪ್ಯಾಡ್ ಇಡೋದು ಹೊಸದೇನಲ್ಲ. 19ನೇ ಶತಮಾನದ ಯುರೋಪಿನ ಹೆಂಗಸರು ಸ್ಕರ್ಟ್ ಹಿಂದೆ ದೊಡ್ಡ ಉಬ್ಬು ಕಟ್ಟಿಕೊಳ್ತಿದ್ದರು. 1980ರ ದಶಕದಲ್ಲಿ ಆಫೀಸಿಗೆ ಹೋಗೋರ ಕೋಟಿನ ಹೆಗಲಲ್ಲಿ ಅಗಲವಾದ ಪ್ಯಾಡ್ ಇತ್ತು. ಅದನ್ನು ನೋಡಿ ಯಾರೂ ಗಾಬರಿಯಾಗಲಿಲ್ಲ. ಹಾಗಾದರೆ ಜನಕ್ಕೆ ತೊಂದರೆ ಕೊಟ್ಟಿದ್ದು ಉಬ್ಬು ಅಲ್ಲ, ಉಬ್ಬು ಇದ್ದ ಜಾಗ. ಉಬ್ಬು ಎಲ್ಲಿರಬೇಕು ಅಂತ ನಾವೆಲ್ಲ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀವಿ.

ಕಥೆ ಇಲ್ಲಿಗೇ ಮುಗಿದಿದ್ದರೆ ಇದೊಂದು ವಿಚಿತ್ರ ಶೋ ಅಷ್ಟೇ ಆಗಿರ್ತಿತ್ತು. ಆದರೆ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ತಮ್ಮ ಹೊಸ ನೃತ್ಯಕ್ಕೆ ಕವಾಕುಬೊ ಅವರನ್ನು ಕರೆದರು. ನೃತ್ಯದ ಹೆಸರು 'ಸಿನಾರಿಯೊ'. 1997ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಮೊದಲ ಪ್ರದರ್ಶನ. ಉಡುಪು, ವೇದಿಕೆ, ಬೆಳಕು ಮೂರೂ ಕವಾಕುಬೊ ಅವರದ್ದೇ. ಸಂಗೀತ ತಕೆಹಿಸ ಕೊಸುಗಿ ಅವರದ್ದು.

ಕನ್ನಿಂಗ್‌ಹ್ಯಾಮ್ ಅವರ ಪದ್ಧತಿಯೇ ಬೇರೆ. ನೃತ್ಯ, ಸಂಗೀತ, ಉಡುಪು ಮೂರೂ ಬೇರೆ ಬೇರೆಯಾಗಿ ತಯಾರಾಗಬೇಕು, ಪ್ರದರ್ಶನದ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಬೇಕು. ಇದರ ಪರಿಣಾಮ ಏನು ಅಂತ ಊಹಿಸಿ. ಹೆಜ್ಜೆಗಳೆಲ್ಲ ಕಲಿತಾಗಿದೆ. ಆಮೇಲೆ ಈ ಬಟ್ಟೆ ಬರುತ್ತೆ. ತಿರುಗುವಾಗ ಕೈ ಹೋಗ್ತಿದ್ದ ಜಾಗದಲ್ಲಿ ಈಗೊಂದು ಉಬ್ಬು. ಜೊತೆಗಾರ್ತಿಯ ಸೊಂಟ ಹಿಡಿಯೋಕೆ ಹೋದರೆ ಕೈಗೆ ಸಿಗೋದು ದಿಂಬು. ವರ್ಷಗಟ್ಟಲೆ ಪಳಗಿಸಿದ ಮೈಯೇ ಹೊಸದಾಗಿಬಿಡುತ್ತೆ. ತನ್ನ ಅಗಲ ಎಷ್ಟು, ತೂಕ ಯಾವ ಕಡೆ ಅಂತ ಮತ್ತೆ ಲೆಕ್ಕ ಹಾಕಬೇಕು.

ಟ್ಯೂಬ್‌ಲೈಟ್ ಬೆಳಕಿನ ಬಿಳಿ ವೇದಿಕೆ. ಎಲ್ಲೂ ನೆರಳಿಲ್ಲ, ಅಡಗೋಕೆ ಜಾಗ ಇಲ್ಲ. ಮೊದಲು ಚೌಕುಳಿ, ಪಟ್ಟೆಯ ಬಟ್ಟೆಗಳು, ಆಮೇಲೆ ಕಪ್ಪು, ಕೊನೆಗೆ ಕೆಂಪು. ಇನ್ನೊಂದು ಮುಖ್ಯ ವಿಷಯ: ಇಲ್ಲಿ ಗಂಡಸರಿಗೂ ಅದೇ ಉಬ್ಬು. ರ‍್ಯಾಂಪ್ ಮೇಲೆ 'ಹೆಣ್ಣಿನ ಮೈಯಲ್ಲಿ ಏನೋ ತಪ್ಪಾಗಿದೆ' ಅನ್ನಿಸಿದ್ದು, ನೃತ್ಯದಲ್ಲಿ ಎಲ್ಲರ ಮೈಯೂ ಹೀಗೇ ಅನ್ನೋ ಹಾಗಾಯ್ತು. ಅವರು ನೆಗೆದರು, ಒಂಟಿ ಕಾಲಲ್ಲಿ ನಿಂತರು, ಓಡಿದರು. ಕೆಲಸ ಮಾಡ್ತಿರೋ ಮೈಯನ್ನು ನೋಡುವಾಗ ನಾವು ಅದರ ಆಕಾರಕ್ಕೆ ಮಾರ್ಕ್ಸ್ ಕೊಡೋದನ್ನು ಮರೀತೀವಿ.

ಆಗ ಕನ್ನಿಂಗ್‌ಹ್ಯಾಮ್ ಅವರಿಗೆ 78 ವರ್ಷ. ಸಂಧಿವಾತದಿಂದ ಅವರ ಓಡಾಟವೇ ಕಷ್ಟವಾಗಿತ್ತು. ಕಂಪ್ಯೂಟರ್ ಪರದೆ ಮೇಲೆ ಗೊಂಬೆಗಳನ್ನು ಆಡಿಸಿ ಹೆಜ್ಜೆ ಹುಡುಕ್ತಿದ್ದರು. ಹೇಳಿದ ಮಾತು ಕೇಳದ ಮೈ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಪ್ಪತ್ತು ವರ್ಷದ ನಂತರ, 2017ರಲ್ಲಿ, ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಕವಾಕುಬೊ ಅವರ ಕೆಲಸಕ್ಕೇ ಮೀಸಲಾದ ದೊಡ್ಡ ಪ್ರದರ್ಶನ ನಡೆಸಿತು. ಜನ ನಕ್ಕಿದ್ದ ಆ ಉಬ್ಬಿನ ಬಟ್ಟೆಗಳೂ ಅಲ್ಲಿದ್ದವು.

ಈ ಬಟ್ಟೆ ಹಾಕಿಕೊಂಡು ನಾಳೆ ಕಾಲೇಜಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಆದರೆ ಸೆಲ್ಫಿ ತೆಗೆದ ಮೇಲೆ ಫಿಲ್ಟರ್‌ನಲ್ಲಿ ಗಲ್ಲ ಸಣ್ಣ ಮಾಡೋಕೆ ಬೆರಳು ಹೋದಾಗ ಒಂದು ಕ್ಷಣ ನಿಲ್ಲಿಸಿ. ಇದು ತಪ್ಪು ಅಂತ ನನಗೆ ಹೇಳಿದ್ದು ಯಾರು ಅಂತ ಕೇಳಿಕೊಳ್ಳಿ.

ನಾನು? ಹೋದ ತಿಂಗಳು ಹೊಸ ಅಂಗಿ ಹೊಲಿಸಿದೆ. "ಪ್ಯಾಡ್ ಬೇಡಣ್ಣ, ಹೆಗಲು ಹೇಗಿದೆಯೋ ಹಾಗೇ ಹೊಲೀರಿ" ಅಂದೆ.