ಬಾಗಿಲ ಬಳಿಯ ಲಾಜರನು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪೂರಿಗಾಲಿಯಂಥ ಊರಿನಲ್ಲಿ ಅಪರಿಚಿತನೊಬ್ಬನು ರಾತ್ರಿ ಜಗುಲಿಯ ಮೇಲೆ ಮಲಗಿದರೆ, ಬೆಳಗಾಗುವುದರೊಳಗೆ ನಾಲ್ಕು ಜನ ಅವನನ್ನು ವಿಚಾರಿಸುತ್ತಾರೆ: "ಯಾವೂರಪ್ಪಾ? ಯಾರ ಪೈಕಿ? ಊಟ ಆಯಿತೇ?" ಆ ಪ್ರಶ್ನೆಗಳಲ್ಲಿ ಸಂಶಯವೂ ಉಂಟು, ಕುತೂಹಲವೂ ಉಂಟು, ಆದರೂ ಅವನು ಒಬ್ಬ ಮನುಷ್ಯನೆಂಬುದನ್ನು ಊರು ಮರೆಯುವುದಿಲ್ಲ.

ನಮ್ಮ ಮಕ್ಕಳು ಕೆಲಸವನ್ನರಸಿ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಮೇಲುಸೇತುವೆಯ ಕೆಳಗೆ, ಅಂಗಡಿಗಳ ಮುಂಗಟ್ಟಿನಲ್ಲಿ ಮಲಗಿದವರನ್ನು ಮೊದಲ ವಾರ ಕಂಡು ಮರುಗುತ್ತಾರೆ. ಮೂರನೆಯ ತಿಂಗಳಿಗೆ ದಾಟಿ ನಡೆಯುತ್ತಾರೆ. ಮನಸ್ಸು ಕಲ್ಲಾಯಿತೆಂದಲ್ಲ, ಕಣ್ಣು ಒಗ್ಗಿಹೋಯಿತು.

2011ರ ಜನಗಣತಿಯು ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಸೂರಿಲ್ಲದವರನ್ನು ಎಣಿಸಿತು. ಇವರೆಲ್ಲರೂ ಭಿಕ್ಷುಕರಲ್ಲ. ಮೂಟೆ ಹೊರುವವರು, ಕಟ್ಟಡದ ಕೂಲಿಗಳು, ಚಿಂದಿ ಆಯುವವರು ಇವರಲ್ಲಿ ಅನೇಕರು.

ಭಿಕ್ಷೆಗೆ ಕೈಯೊಡ್ಡುವವರ ಹೊಣೆಯನ್ನಂತೂ ನಾವು ಕಾನೂನಿಗೆ ಒಪ್ಪಿಸಿದ್ದೇವೆ. ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದಂತೆ ಅವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಬಹುದು. ಅದರ ವೆಚ್ಚಕ್ಕೆಂದು ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಉಪಕರವಿದೆ. ಕರ ಕಟ್ಟಿದೆವು, ಕರ್ತವ್ಯ ಮುಗಿಯಿತೆಂದುಕೊಂಡೆವು. 2010ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೇ ಅವರು ಅಲ್ಲಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಾಯಿತು.

ಸಂತ ಲೂಕರ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯನ್ನು ಗಮನಿಸಿರಿ. ಅದರಲ್ಲಿ ಸಿರಿವಂತನಿಗೆ ಹೆಸರಿಲ್ಲ. ಬಾಗಿಲ ಬಳಿ ಬಿದ್ದಿದ್ದ ಭಿಕ್ಷುಕನಿಗೆ ಹೆಸರುಂಟು, ಲಾಜರ. ಸಿರಿವಂತನು ಅವನನ್ನು ಹೊಡೆದನೆಂದಾಗಲಿ ಓಡಿಸಿದನೆಂದಾಗಲಿ ಶುಭಸಂದೇಶ ಹೇಳುವುದಿಲ್ಲ. ಅವನ ಹಬ್ಬದೂಟ ನಿಲ್ಲಲಿಲ್ಲ, ಅಷ್ಟೇ.

1839ರ ಚಳಿಗಾಲದಲ್ಲಿ ಫ್ರಾನ್ಸಿನ ಬಡ ಹೆಣ್ಣುಮಗಳು ಸಂತ ಜಾನ್ ಜುಗಾನ್ ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆ ಸ್ಥಾಪಿಸಿದ ಬಡವರ ಕಿರಿಯ ಸಹೋದರಿಯರ ಸಭೆಯು 1900ರಿಂದ ಬೆಂಗಳೂರಿನಲ್ಲಿ ಬಡ ವೃದ್ಧರನ್ನು ಸಲಹುತ್ತಿದೆ.

ಹಾಸಿಗೆಯನ್ನು ಬಿಟ್ಟುಕೊಡುವ ಶಕ್ತಿ ಎಲ್ಲರಿಗೂ ಇರಲಾರದು. ನಗರದಲ್ಲಿರುವ ಮಕ್ಕಳಿಗೆ ನಾವು ಹೇಳುವುದು ಇಷ್ಟೇ: ಹತ್ತಿರದ ರಾತ್ರಿ ತಂಗುದಾಣ ಎಲ್ಲಿದೆಯೆಂದು ತಿಳಿದಿರಿ, ಕಾಯಿಲೆ ಬಿದ್ದವನನ್ನು ಆಸ್ಪತ್ರೆಗೆ ಮುಟ್ಟಿಸಿರಿ, ನಿಮ್ಮ ಬೀದಿಯಲ್ಲಿ ಮಲಗುವ ಒಬ್ಬನ ಹೆಸರನ್ನಾದರೂ ಕೇಳಿರಿ. ಹೆಸರು ಬಲ್ಲವನನ್ನು ದಾಟಿ ನಡೆಯುವುದು ಯಾರಿಗೂ ಸುಲಭವಲ್ಲ.